ಉಸುಕು ಮಸಾರಿಯಲ್ಲಿ ಗೋಧಿ: ನೀರು ಎಷ್ಟು, ಗೊಬ್ಬರ ಎಲ್ಲಿ?

ನಮ್ಮ ಕಡೆ ಗೋಧಿ ಅಂದರೆ ಎರಿ ಹೊಲದ ಬೆಳೆ. ಹಿಂಗಾರಿಯಲ್ಲಿ ಒಂದೆರಡು ಮಳೆ ಚಲೋ ಬಿದ್ದು ಹಸಿ ಇದ್ದರೆ ಬಿತ್ತಿ ಬರುವುದು, ಆಮೇಲೆ ರಾಶಿಗೇ ಹೋಗುವುದು. ಕೆಳಗಿನ ಹಸಿ, ಮೇಲಿನ ಚಳಿ ಇವೆರಡರ ಮೇಲೇ ಅದು ಬೆಳೆದುಬಿಡುತ್ತದೆ. ಮಸಾರಿಗೆ ಶೇಂಗಾ, ಸಜ್ಜಿ, ಹುರುಳಿ. ಮಸಾರಿಯಲ್ಲಿ ಗೋಧಿ ಬಿತ್ತಿದವನನ್ನು ಊರಲ್ಲಿ ಯಾರೂ ಶಾಣ್ಯಾ ಅನ್ನುವುದಿಲ್ಲ. ನಾನು ಬಿತ್ತಿದೆ. ಎರಡು ವರ್ಷ ಕೆಟ್ಟೆ, ಮೂರನೇ ವರ್ಷ ಬೆಳೆದೆ. ಯಾಕೆ ಕೆಟ್ಟೆ, ಹೇಗೆ ಬೆಳೆದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಏಳನೇತ್ತೆ ಕಲಿತವನು, ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮದು ಗದಗ ಜಿಲ್ಲೆ ಮುಂಡರಗಿ ತಾಲೂಕು. ಒಟ್ಟು ನಾಲ್ಕು ಎಕರೆ ಹನ್ನೆರಡು ಗುಂಟೆ ಜಮೀನು. ಅದರಲ್ಲಿ ಹಳ್ಳದ ದಂಡೆಯ ಮೂರು ಎಕರೆ ಉಸುಕು ಮಸಾರಿ. ಉಸುಕು ಅಂದರೆ ನೀವು ಮರಳು ಅನ್ನುತ್ತೀರಲ್ಲ, ಅದೇ. ಹಸಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲುವುದಿಲ್ಲ, ಬೆರಳು ಬಿಟ್ಟ ಕೂಡಲೇ ಉದುರುತ್ತದೆ. ಮೊದಲಿನಿಂದಲೂ ಮಳೆಯನ್ನೇ ನಂಬಿದ ಹೊಲ. 2019ರಲ್ಲಿ ಸಾಲ ಮಾಡಿ ಬೋರ್ ಹೊಡೆಸಿದೆವು. ನೀರು ಬಿತ್ತು, ಬಹಳವೇನಲ್ಲ. ನೀರು ಬಂದ ಮೇಲೆ ಮನೆಗೆ ತಿನ್ನುವಷ್ಟಾದರೂ ಗೋಧಿ ನಾವೇ ಬೆಳೆಯೋಣ ಅಂತ 2020ರ ಹಿಂಗಾರಿಗೆ ಮೂರೂ ಎಕರೆ ಗೋಧಿ ಬಿತ್ತಿದೆ.

ನೀರಿಗೆ ಕಡಿಮೆ ಮಾಡಲಿಲ್ಲ. ಕರೆಂಟ್ ಇದ್ದಷ್ಟು ಹೊತ್ತು ಮೋಟಾರ್ ಓಡುತ್ತಿತ್ತು. ಕಾಲುವೆಯಲ್ಲಿ ಬಿಟ್ಟ ನೀರು ಮಡಿಯ ತುದಿ ಮುಟ್ಟುವುದರೊಳಗೆ ಮಧ್ಯಾಹ್ನ ಆಗುತ್ತಿತ್ತು. ತಲೆಯ ಕಡೆ ಕೆಸರು, ತುದಿಯಲ್ಲಿ ಒಣ. ಜನವರಿಯಲ್ಲಿ ನೋಡಿದರೆ ಮೊಳಕಾಲೆತ್ತರ ಗೋಧಿ, ಗಿಡಕ್ಕೆ ಒಂದೇ ತೆನೆ, ಎಲೆ ಎಲ್ಲಾ ಹಳದಿ. ಮೂರು ಎಕರೆಗೆ ಒಂಬತ್ತು ಕ್ವಿಂಟಲ್ ಆಯಿತು. ಮಗ ಅಂದ, "ಅಪ್ಪಾ, ನೀರು ಸಾಲವಲ್ದು, ಇನ್ನೊಂದು ಬೋರ್ ಹೊಡಸೂಣು." ಅದಕ್ಕೆ ಒಂದೂವರೆ ಲಕ್ಷ ಬೇಕು. ಇದ್ದದ್ದು ಮನೆಯಾಕೆಯ ಬಂಗಾರ ಮಾತ್ರ. ಬಾಜೂ ಹೊಲದ ಅಜ್ಜ ಬದುವಿನ ಮೇಲೆ ಕುಂತು ಇದನ್ನೆಲ್ಲ ಕೇಳಿದ. ಆಮೇಲೆ ಅಂದ, "ತಮ್ಮಾ, ನೀ ಗೋದಿಗೆ ನೀರು ಕುಡಸಾಕತ್ತೀಯೋ, ಉಸುಕಿಗೆ ಕುಡಸಾಕತ್ತೀಯೋ?"

ಆ ಮಾತು ಹತ್ತಿಕೊಂಡಿತು. ಲೆಕ್ಕ ಹಾಕಲು ಕುಳಿತೆ.

ಬೋರಿನ ನೀರನ್ನು 200 ಲೀಟರಿನ ಡ್ರಮ್ಮಿಗೆ ಬಿಟ್ಟು ಗಡಿಯಾರ ನೋಡಿದೆ. ತುಂಬಲು ಎರಡೂವರೆ ನಿಮಿಷ. ಅಂದರೆ ತಾಸಿಗೆ 4,800 ಲೀಟರ್. ನಮಗೆ ತ್ರೀ ಫೇಸ್ ಕರೆಂಟ್ ಏಳು ತಾಸು ಅಂತ ಹಿಡಿದರೆ ದಿನಕ್ಕೆ 33,600 ಲೀಟರ್. ಒಂದು ಎಕರೆಯ ಮೇಲೆ ಒಂದು ಇಂಚು ನೀರು ನಿಲ್ಲಿಸಲು ಒಂದು ಲಕ್ಷ ಲೀಟರಿನ ಮೇಲೆ ಬೇಕು. ಅಂದರೆ ಮೂರು ದಿನ. ನಾನು ಕೊಡುತ್ತಿದ್ದದ್ದು ಎರಡು ಇಂಚಿಗೆ ಕಡಿಮೆ ಇಲ್ಲ, ಅದೂ ಮೂರು ಎಕರೆಗೆ. ಒಂದು ಸುತ್ತು ಮುಗಿಯಲು ಹದಿನೆಂಟು ದಿನ. ಇವತ್ತು ನೀರು ಕುಡಿದ ಗಿಡಕ್ಕೆ ಮತ್ತೆ ನೀರು ಸಿಗುವುದು ಹತ್ತೊಂಬತ್ತನೇ ದಿನ.

ಉಸುಕು ಅಷ್ಟು ದಿನ ನೀರು ಹಿಡಿದು ಇಟ್ಟುಕೊಳ್ಳುತ್ತದೆಯೇ? ಒಂದು ಅಡಿ ಆಳದ ಉಸುಕು ಮಣ್ಣು ಬೇರಿಗೆ ಸಿಗುವಂಥ ನೀರನ್ನು ಮುಕ್ಕಾಲು ಇಂಚು ಹಿಡಿದರೆ ಹೆಚ್ಚು. ಎರಿ ಮಣ್ಣು ಎರಡು ಇಂಚಿನ ತನಕ ಹಿಡಿಯುತ್ತದೆ. ಗೋಧಿ ಬೇರು ಎರಡು ಅಡಿ ಇಳಿದಿದೆ ಅಂತ ಹಿಡಿದರೂ ಉಸುಕಿನಲ್ಲಿ ಅದರ ಗಂಟು ಒಂದೂವರೆ ಇಂಚು. ಅದರಲ್ಲಿ ಅರ್ಧ ತೀರಿದ ಕೂಡಲೇ ಗಿಡ ಸಂಕಟಪಡಲು ಸುರು ಮಾಡುತ್ತದೆ. ಚಳಿಗಾಲದ ಬಿಸಿಲಿಗೆ ಗೋಧಿ ದಿನಕ್ಕೆ ಮೂರೂವರೆ ಮಿಲಿಮೀಟರ್ ಆಸುಪಾಸು ನೀರು ತೆಗೆಯುತ್ತದೆ. ಆರನೇ ದಿನಕ್ಕೆ ಬಾಯಿ ಬಿಡುತ್ತದೆ, ಆಮೇಲೆ ಹನ್ನೆರಡು ದಿನ ಹಾಗೇ ನಿಂತಿರುತ್ತದೆ. ಇನ್ನು ನಾನು ಕೊಟ್ಟ ಎರಡು ಇಂಚಿನಲ್ಲಿ ಉಳಿದದ್ದು ಎಲ್ಲಿ ಹೋಯಿತು? ಕೆಳಗೆ ಹೋಯಿತು. ನೀರು ಬಿಟ್ಟ ಮರುದಿನ ಹಾರಿ ಹಿಡಿದು ಚುಚ್ಚಿ ನೋಡಿ. ಉಸುಕಿನಲ್ಲಿ ಒಂದು ಇಂಚು ನೀರು ಹತ್ತಿರ ಹತ್ತಿರ ಒಂದು ಅಡಿ ಆಳಕ್ಕೆ ಇಳಿದಿರುತ್ತದೆ. ಎರಿಯಲ್ಲಿ ಅದೇ ನೀರು ನಾಲ್ಕೈದು ಇಂಚಿಗೇ ನಿಲ್ಲುತ್ತದೆ. ಮಡಿಯ ತಲೆಯಲ್ಲಿ ಹಾರಿ ಮೂರು ಅಡಿ ಸರಕ್ಕನೆ ಹೋಯಿತು. ಅಲ್ಲಿ ಗೋಧಿ ಬೇರಿಲ್ಲ. ನೀರು ತಾನೊಂದೇ ಹೋಗಲಿಲ್ಲ, ಹಾಕಿದ ಯೂರಿಯಾವನ್ನೂ ತೊಳೆದುಕೊಂಡು ಹೋಯಿತು. ಎಲೆ ಹಳದಿ ಆದದ್ದು ಅದಕ್ಕೆ.

ಇನ್ನೊಂದು ಬೋರ್ ಹೊಡೆಸಿದ್ದರೆ ಹದಿನೆಂಟು ದಿನದ ಸುತ್ತು ಒಂಬತ್ತು ದಿನಕ್ಕೆ ಬರುತ್ತಿತ್ತು, ಅಷ್ಟೇ. ತಳಕ್ಕೆ ಹೋಗುವ ನೀರು ತಳಕ್ಕೇ ಹೋಗುತ್ತಿತ್ತು.

ಮರುವರ್ಷ ಗೊಬ್ಬರಕ್ಕೆ ಕೈ ಹಾಕಿದೆ. ಹೇಗೆ ತಲೆಗೆ ಬಂತೆಂದರೆ, ಎರಡು ಬಣ್ಣದ ಡಬ್ಬಿ ತೆಗೆದುಕೊಂಡು ತಳಕ್ಕೆ ಮೊಳೆಯಿಂದ ತೂತು ಹೊಡೆದೆ. ಒಂದರಲ್ಲಿ ಐದು ಕಿಲೋ ಒಣ ಉಸುಕು ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿಗೆ ಅರ್ಧ ಕಿಲೋ ಗೊಬ್ಬರ ಬೆರೆಸಿದ್ದು. ಎರಡಕ್ಕೂ ಎರಡೆರಡು ತಂಬಿಗೆ ನೀರು. ಬರೀ ಉಸುಕಿನ ಡಬ್ಬಿಯಿಂದ ನೀರು ಧಾರೆಯಾಗಿ ಇಳಿಯಿತು. ಗೊಬ್ಬರದ್ದರಲ್ಲಿ ತಡೆದು ತಡೆದು ಇಳಿಯಿತು, ಇಳಿದದ್ದೂ ಕಡಿಮೆ. ಮೂರು ದಿನ ನೆರಳಲ್ಲಿ ಇಟ್ಟು ಕೈ ಹಾಕಿದರೆ ಒಂದು ಒಣಗಿತ್ತು, ಒಂದು ತಂಪಿತ್ತು. ಖುಷಿಯಾಗಿ ಎಕರೆಗೆ ಎಂಟು ಚಕ್ಕಡಿ, ಅಂದರೆ ಸುಮಾರು ನಾಲ್ಕು ಟನ್ ತಿಪ್ಪೆ ಗೊಬ್ಬರ ಹೇರಿ ಹೊಲದ ತುಂಬ ಚೆಲ್ಲಿಸಿ ಹರಗಿದೆ.

ಡಬ್ಬಿಯ ಲೆಕ್ಕ ಹೊಲಕ್ಕೆ ಹತ್ತಲಿಲ್ಲ. ಯಾಕಂದರೆ ಡಬ್ಬಿಯಲ್ಲಿ ನಾನು ಹತ್ತಕ್ಕೆ ಒಂದರಂತೆ ಬೆರೆಸಿದ್ದೆ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು 900 ಟನ್ ತೂಗುತ್ತದೆ. ಡಬ್ಬಿಯಂತೆ ಮಾಡಬೇಕಾದರೆ ಎಕರೆಗೆ 90 ಟನ್ ಗೊಬ್ಬರ ಬೇಕು. ಊರಿನ ದನ ಎಲ್ಲಾ ನನ್ನ ಹೊಲದಲ್ಲೇ ಕಟ್ಟಿದರೂ ಆಗದು. ನಾನು ಹಾಕಿದ್ದು ನಾಲ್ಕು. ನೂರಕ್ಕೆ ಅರ್ಧವೂ ಇಲ್ಲ, ಅದರಲ್ಲೂ ನೀರಿನ ತೂಕವೇ ಅರ್ಧ. ಸಾವಯವ ಗೊಬ್ಬರ ಹಾಕಿದರೆ ಉಸುಕು ಎರಿ ಆಗುತ್ತದೆ ಅಂತ ಭಾಷಣ ಮಾಡುವವರು ಈ ಲೆಕ್ಕ ಒಮ್ಮೆ ಹಾಕಬೇಕು.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ನನ್ನ ತಿಪ್ಪೆ ಕೊಳೆತಿರಲಿಲ್ಲ. ಹತ್ತಿ ಕಟಗಿ, ಜೋಳದ ಬುಡ, ಶೇಂಗಾ ಹೊಟ್ಟು ಹಾಗೇ ಕಣ್ಣಿಗೆ ಕಾಣುತ್ತಿದ್ದವು. ಅರ್ಧ ಕೊಳೆತ ಕಸ ಮಸಾರಿಗೆ ಹಾಕಿದರೆ ಗೆದ್ದಲಿಗೆ ಊಟಕ್ಕೆ ಕರೆದ ಹಾಗೆ. ಬೇಸಾಯಕ್ಕೆ ಹೊಸಬನಲ್ಲ, ಗೊತ್ತಿದ್ದೂ ಮಾಡಿದೆ. ಕಸ ತಿಂದು ಮುಗಿಸಿ ಗೋಧಿ ಬುಡಕ್ಕೆ ಬಂದವು. ಉಳಿದ ಗಿಡವೂ ಹಳದಿ. ಹುಳಿತು ಮುಗಿಯದ ಕಡ್ಡಿಕಸ ಮಣ್ಣಿಗೆ ಬಿದ್ದರೆ ಅದನ್ನು ಕೊಳೆಸುವ ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನು ತಾವೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಸಿಗುವುದು ಆಮೇಲೆ. ನೂರು ದಿನದ ಬೆಳೆಗೆ ಆ ಆಮೇಲೆ ಬರುವುದೇ ಇಲ್ಲ. ಆ ವರ್ಷ ಮೊದಲಿನಷ್ಟೂ ಆಗಲಿಲ್ಲ.

ಮೂರನೇ ವರ್ಷ, 2022ರಲ್ಲಿ, ಮೂರು ಕೆಲಸ ಬದಲು ಮಾಡಿದೆ: ಹೊಲ ಕಡಿಮೆ ಮಾಡಿದೆ, ನೀರು ಕೊಡುವ ರೀತಿ ಬದಲಿಸಿದೆ, ಗೊಬ್ಬರವನ್ನು ಹೊಲಕ್ಕಲ್ಲ, ಸಾಲಿಗೆ ಹಾಕಿದೆ. ಇದಕ್ಕೆ ಗೋಧಿಯ ಬೇರಿನ ವಿಷಯ ಸ್ವಲ್ಪ ಹೇಳಬೇಕು.

ಗೋಧಿಗೆ ಬೇರು ಎರಡು ಸಲ ಬರುತ್ತದೆ. ಮೊದಲಿನವು ಬೀಜದಿಂದ ಇಳಿಯುವ ನಾಲ್ಕಾರು ಎಳೆ. ಇಪ್ಪತ್ತು ದಿನದ ಗಿಡವನ್ನು ಕಿತ್ತು ತೊಳೆದು ನೋಡಿದರೆ ಬೀಜದ ಮೇಲೆ, ನೆಲದಿಂದ ಒಂದು ಇಂಚು ಕೆಳಗೆ, ಒಂದು ಗಂಟು ಕಾಣುತ್ತದೆ. ಅಲ್ಲಿಂದ ಬಿಳಿ ದಪ್ಪ ಬೇರು ಹೊಸದಾಗಿ ಒಡೆಯುತ್ತವೆ. ಅದಕ್ಕೆ ಮುಕುಟ ಬೇರು ಅನ್ನುತ್ತಾರೆ. ಮರಿ ಒಡೆಯುವುದೂ, ಅಂದರೆ ತೆಂಡೆ ಬರುವುದೂ, ಅದೇ ಗಂಟಿನಿಂದ. ಗಿಡಕ್ಕೆ ಒಂದು ತೆನೆಯೋ ಮೂರು ತೆನೆಯೋ ಅನ್ನುವುದು ಆ ಐದಾರು ದಿನದಲ್ಲಿ ತೀರ್ಮಾನ ಆಗುತ್ತದೆ. ಬಿತ್ತಿದ 20ರಿಂದ 25 ದಿನದೊಳಗೆ ಗೋಧಿಗೆ ನೀರು ತಪ್ಪಿಸಬಾರದು ಅಂತ ಕೃಷಿ ವಿಶ್ವವಿದ್ಯಾಲಯದವರು ಹೇಳುವುದು ಇದಕ್ಕೇ. ಉಸುಕಿನ ಕಷ್ಟ ನೋಡಿ. ಆ ಬೇರು ಹುಟ್ಟುವ ಜಾಗ ಮೇಲಿನ ಎರಡು ಇಂಚು. ಉಸುಕಿನಲ್ಲಿ ಎಲ್ಲಕ್ಕಿಂತ ಮೊದಲು ಒಣಗುವುದೂ ಅದೇ ಎರಡು ಇಂಚು. ಕೆಳಗೆ ಹಸಿ ಇದ್ದು ಗಿಡ ಹಸಿರಾಗಿಯೇ ಕಾಣುತ್ತದೆ, ಮುಕುಟ ಬೇರು ಮಾತ್ರ ಒಣ ಉಸುಕಿಗೆ ಮೂಗು ತಾಗಿಸಿ ನಿಂತುಬಿಡುತ್ತದೆ. ನಮಗೆ ಗೊತ್ತಾಗುವುದು ತೆನೆ ಬಂದಾಗ.

ಹಾಗಾದರೆ ಗೊಬ್ಬರ ಬೇಕಾದದ್ದು ಎಲ್ಲಿ? ಆರು ಇಂಚು ಆಳಕ್ಕೆ, ಹೊಲದ ತುಂಬ ಅಲ್ಲ. ಬೀಜ ಬೀಳುವ ಸಾಲಿನಲ್ಲಿ, ಮೇಲಿನ ಮೂರು ಇಂಚಿನಲ್ಲಿ. ಒಂಬತ್ತು ಇಂಚಿಗೊಂದು ಸಾಲು, ಸಾಲಿನಲ್ಲಿ ಎರಡು ಇಂಚು ಅಗಲ, ಮೂರು ಇಂಚು ಆಳ ಅಂತ ಹಿಡಿದರೆ ಎಕರೆಯಲ್ಲಿ ಆ ಪಟ್ಟಿಯ ಮಣ್ಣು ಬರೀ ನೂರು ಟನ್. ಅದೇ ನಾಲ್ಕು ಟನ್ ಗೊಬ್ಬರ ಅಲ್ಲಿ ನೂರಕ್ಕೆ ನಾಲ್ಕಾಯಿತು. ಡಬ್ಬಿಯಷ್ಟಲ್ಲದಿದ್ದರೂ ಗೊತ್ತಾಗುವಷ್ಟು.

ಎಕರೆಗೆ ಸಾಲಿನ ಉದ್ದ 58,000 ಅಡಿ ಆಗುತ್ತದೆ. ಅಡಿಗೆ 70 ಗ್ರಾಂ, ಅಂದರೆ ಒಂದು ಹಿಡಿ. ಮೊದಲು ಖಾಲಿ ಕೂರಿಗೆ ಹೊಡೆದು ಸಾಲು ತೆಗೆಯುವುದು. ಹಿಂದೆ ಹೆಣ್ಣಾಳುಗಳು ಬುಟ್ಟಿ ಹಿಡಿದು ಸಾಣಿಸಿದ ಗೊಬ್ಬರ ಬಿಡುತ್ತ ಬರುವುದು. ಅದೇ ಸಾಲಿಗೆ ಮತ್ತೆ ಕೂರಿಗೆ ಹಿಡಿದು ಬಿತ್ತುವುದು, ಮೇಲೆ ಹಗೂರಕ್ಕೆ ಕುಂಟಿ. ಎಕರೆಗೆ ಎಂಟು ಆಳು ಬೇಕಾಯಿತು. ನಮ್ಮ ಮನೆಯಾಕೆ, "ಪಗಾರ ಕೊಟ್ಟು ಹಿಡಿ ಹಿಡಿ ಗೊಬ್ಬರ ಹಾಕ್ಸಾಕತ್ತೀರಿ, ಊರ ಮಂದಿ ನಗತಾರ" ಅಂದಳು. ನಕ್ಕರು ಕೂಡ. ಎತ್ತು ಅದೇ ಸಾಲು ಹಿಡಿಯುವುದಕ್ಕೆ ಒಳ್ಳೆ ಎತ್ತು, ಒಳ್ಳೆ ಕೈ ಎರಡೂ ಬೇಕು. ಟ್ರ್ಯಾಕ್ಟರಿನಲ್ಲಿ ನನಗೆ ಸಾಧಿಸಲಿಲ್ಲ.

ಬೀಜದ ಜೊತೆ ಬೀಳುವ ಗೊಬ್ಬರ ಪೂರ್ತಿ ಕಳಿತಿರಲೇಬೇಕು. ಕಾಂಪೋಸ್ಟ್ ಮಾಡುವುದರಲ್ಲಿ ಎರಡು ಹಳೆಯ ಪದ್ಧತಿ ಇವೆ. ಒಂದು ಇಂದೋರ್ ಪದ್ಧತಿ. ಅದನ್ನು ರೂಢಿಗೆ ತಂದ ಆಲ್ಬರ್ಟ್ ಹೊವಾರ್ಡ್ ಬಿಹಾರದ ಪುಸಾದಲ್ಲಿ ವರ್ಷಗಟ್ಟಲೆ ಗೋಧಿ ತಳಿಯ ಕೆಲಸ ಮಾಡಿ, 1924ರಿಂದ 1931ರ ತನಕ ಇಂದೋರಿನಲ್ಲಿದ್ದ ಮನುಷ್ಯ. ಗೋಧಿಯವನೇ ಗೊಬ್ಬರಕ್ಕೆ ಬಂದ ಅನ್ನಬಹುದು. ಆ ಪದ್ಧತಿಯಲ್ಲಿ ರಾಶಿಯನ್ನು ಮತ್ತೆ ಮತ್ತೆ ತಿರುವಿ ನೀರು ಚಿಮುಕಿಸಬೇಕು, ಮೂರು ನಾಲ್ಕು ತಿಂಗಳಿಗೆ ಗೊಬ್ಬರ. ಇನ್ನೊಂದು ಬೆಂಗಳೂರು ಪದ್ಧತಿ, 1939ರಲ್ಲಿ ಸಿ.ಎನ್. ಆಚಾರ್ಯ ಅವರು ಮಾಡಿದ್ದು. ಕುಣಿಯಲ್ಲಿ ಪದರ ಪದರ ತುಂಬಿ ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುವುದು, ತಿರುವುವುದಿಲ್ಲ, ಆರೆಂಟು ತಿಂಗಳು ಹಿಡಿಯುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ನಮ್ಮಂಥವರಿಗೆ ಎರಡನೆಯದೇ ಸೈ. ಮುಚ್ಚಿಗೆ ಇದ್ದುದರಿಂದ ಹಸಿ ಆರುವುದಿಲ್ಲ. ಮೂರು ಅಡಿ ಆಳದ ಕುಣಿ, ಬೇವಿನ ನೆರಳಿಗೆ. ಮುಕ್ಕಾಲು ಅಡಿ ಕಸಕ್ಕೆ ಎರಡು ಇಂಚು ಸಗಣಿ ರಾಡಿ. ಹತ್ತಿ ಕಟಗಿ ಈಗ ಹಾಕುವುದಿಲ್ಲ, ಒಲೆಗೆ ಹೋಗುತ್ತದೆ. ಫೆಬ್ರುವರಿಯಲ್ಲಿ ಮುಚ್ಚಿದ್ದು ಅಕ್ಟೋಬರಿಗೆ ತೆಗೆಯಲು ಬರುತ್ತದೆ. ಕಳಿತಿದೆಯೋ ಇಲ್ಲವೋ ನೋಡಲು ಒಂದು ಕರಟದಲ್ಲಿ ಹಸಿ ಗೊಬ್ಬರ ತುಂಬಿ ಹತ್ತು ಗೋಧಿ ಕಾಳು ಹಾಕಿಡುತ್ತೇನೆ. ಎಂಟು ಒಂಬತ್ತು ಮೊಳಕೆ ಬಂದು ಹಸಿರಾಗಿ ನಿಂತರೆ ಹೊಲಕ್ಕೆ, ಇಲ್ಲವಾದರೆ ಇನ್ನೂ ತಿಂಗಳು ಮುಚ್ಚಿಡುವುದು.

ನೀರಿನ ವಿಷಯ. ಒಂದೂವರೆ ಎಕರೆ ಮಾತ್ರ ಬಿತ್ತಿದೆ. ತುಂತುರು ನೀರಾವರಿಯ ಪೈಪು ತಂದು ತಿರುಗುವ ಜೆಟ್ ಮೂರು ಹಚ್ಚಿದೆ, ನಮ್ಮ ಬೋರಿಗೆ ಮೂರಕ್ಕಿಂತ ಹೆಚ್ಚು ಎಳೆಯುವುದಿಲ್ಲ. ಅಲ್ಲಲ್ಲಿ ವಾಟಗ ಇಟ್ಟು, ಅದರಲ್ಲಿ ಒಂದು ಇಂಚು ನೀರು ನಿಂತ ಕೂಡಲೇ ಪೈಪು ಮುಂದಿನ ಜಾಗಕ್ಕೆ. ಎರಡೂಕಾಲು ತಾಸಿಗೆ ಒಂದು ಜಾಗ ಮುಗಿಯುತ್ತದೆ. ಒಂದೂವರೆ ಎಕರೆಯ ಸುತ್ತು ಐದು ದಿನ ಹಿಡಿಯಿತು. ಏಳು ಎಂಟು ದಿನಕ್ಕೊಮ್ಮೆ ಒಂದೊಂದು ಇಂಚು. 18ನೇ ದಿನದಿಂದ 25ನೇ ದಿನದ ತನಕ ಮಾತ್ರ ಇಂಚಿನ ಲೆಕ್ಕ ಬಿಟ್ಟು ಮೂರು ದಿನಕ್ಕೊಮ್ಮೆ ಅರ್ಧ ಇಂಚು, ಮೇಲಿನ ಪದರ ಆರದ ಹಾಗೆ. ತೆನೆ ಬಂದ ಮೇಲೆ ಗಾಳಿ ಇರುವ ಹೊತ್ತು ಬಿಟ್ಟು ನೀರು ಕೊಡಬೇಕು, ಉಸುಕಿನಲ್ಲಿ ಗಿಡ ಬೇಗ ಮಲಗುತ್ತದೆ. ತುಂತುರು ಸೆಟ್ ಇಲ್ಲದವರು ಮಡಿಯನ್ನು ಸಣ್ಣದು ಮಾಡಿ ಪೈಪಿನಲ್ಲಿ ಮಡಿಯ ತನಕ ನೀರು ಒಯ್ದರೂ ಅರ್ಧ ಉಳಿತಾಯ. ಉಸುಕಿನಲ್ಲಿ ಮಣ್ಣಿನ ಕಾಲುವೆ ಅಂದರೆ ತೂತಿನ ಕೊಡ.

ಗೊಬ್ಬರದ ಪಾಲೆಷ್ಟು, ನೀರಿನ ಪಾಲೆಷ್ಟು ತಿಳಿಯಲಿ ಅಂತ ಮೂಲೆಯಲ್ಲಿ ಎರಡೆರಡು ಗುಂಟೆಯ ನಾಲ್ಕು ತುಂಡು ಬೇರೆ ಮಾಡಿದ್ದೆ. ಸಾಲುಗೊಬ್ಬರ ಇಲ್ಲದೆ ಹದಿನೆಂಟು ದಿನಕ್ಕೊಮ್ಮೆ ಹಳೆಯ ಹಾಗೆ ತುಂಬಿ ನೀರು ಬಿಟ್ಟದ್ದರಲ್ಲಿ ಗುಂಟೆಗೆ 8 ಕಿಲೋ. ಗೊಬ್ಬರ ಹಾಕಿ ನೀರು ಮಾತ್ರ ಹಳೆಯ ಹಾಗೆ ಬಿಟ್ಟದ್ದರಲ್ಲಿ 11. ಗೊಬ್ಬರ ಇಲ್ಲದೆ ನೀರು ಸ್ವಲ್ಪ ಸ್ವಲ್ಪ ಕೊಟ್ಟದ್ದರಲ್ಲಿ 15. ಎರಡೂ ಮಾಡಿದ್ದರಲ್ಲಿ 23. ಕೊನೆಯದರಲ್ಲಿ ಹತ್ತು ಗಿಡಕ್ಕೆ 31 ತೆನೆ ಎಣಿಸಿದೆ, ಮೊದಲಿನದರಲ್ಲಿ 14. ಇದು ಒಬ್ಬ ರೈತನ ಒಂದು ವರ್ಷದ ತೂಕ, ಸಂಶೋಧನೆ ಅಲ್ಲ. ಆದರೂ ಗೊಬ್ಬರ ಒಂದೇ ನನಗೆ ಮೂರು ಕಿಲೋ ಕೊಟ್ಟಿತು, ಹೊತ್ತಿಗೆ ಸರಿಯಾದ ನೀರಿನ ಜೊತೆ ಸೇರಿ ಎಂಟು ಕಿಲೋ ಕೊಟ್ಟಿತು. ಗೊಬ್ಬರ ನೀರು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಒಂದೆರಡು ದಿನ ಹಿಡಿದು ನಿಲ್ಲಿಸುತ್ತದೆ. ಹದಿನೆಂಟು ದಿನದ ಬಾಯಾರಿಕೆಗೆ ಆ ಒಂದೆರಡು ದಿನ ಏನು ಮಾಡೀತು? ಎಂಟು ದಿನದ ಬಾಯಾರಿಕೆಗೆ ಬಹಳ ಮಾಡುತ್ತದೆ. ಒಂದೂವರೆ ಎಕರೆಗೆ ಆ ವರ್ಷ ಹದಿಮೂರು ಕ್ವಿಂಟಲ್ ಚಿಲ್ಲರೆ ಆಯಿತು, ಆ ಕೆಟ್ಟ ತುಂಡುಗಳನ್ನೂ ಸೇರಿಸಿ. ಮೂರು ಎಕರೆಯಲ್ಲಿ ಒಂಬತ್ತು ಬೆಳೆದಿದ್ದೆ.

ರಾಸಾಯನಿಕ ಪೂರ್ತಿ ಬಿಟ್ಟಿದ್ದೀರಾ ಅಂತ ಕೇಳುತ್ತಾರೆ. ಬಿಟ್ಟಿಲ್ಲ. ನಾಲ್ಕು ಟನ್ ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಇಪ್ಪತ್ತು ಕಿಲೋ ಇದ್ದರೆ ಅದೇ ವರ್ಷ ಕೈಗೆ ಸಿಗುವುದು ಮೂರರಲ್ಲಿ ಒಂದು ಪಾಲು. ಎಕರೆಗೆ ಬಿತ್ತುವಾಗ 25 ಕಿಲೋ ಡಿಎಪಿ, ಆಮೇಲೆ 45 ಕಿಲೋದ ಯೂರಿಯಾ ಚೀಲ ಒಂದನ್ನು ಮೂರು ಪಾಲು ಮಾಡಿ 20, 35, 50ನೇ ದಿನಕ್ಕೆ. ಒಮ್ಮೆಲೇ ಹಾಕಿದರೆ ಉಸುಕು ಉಳಿಸಿಕೊಡುವುದಿಲ್ಲ.

2023ರಲ್ಲಿ ಮಳೆ ಹೋಯಿತು. ರಾಜ್ಯದ 223 ತಾಲೂಕನ್ನು ಬರಪೀಡಿತ ಅಂತ ಸಾರಿದ ವರ್ಷ ಅದು. ಡ್ರಮ್ ತುಂಬಲು ನಾಲ್ಕು ನಿಮಿಷ ಹಿಡಿಯತೊಡಗಿತು. ಬಿತ್ತುವ ಮುಂಚೆಯೇ ಅಳೆದಿದ್ದರಿಂದ ಒಂದು ಎಕರೆ ಮಾತ್ರ ಬಿತ್ತಿದೆ, ಏಳು ಕ್ವಿಂಟಲ್ ಬಂತು. ಹಳ್ಳದ ಆಚೆ ಒಬ್ಬರು ಆ ವರ್ಷ ಎರಡು ಬೋರ್ ಹೊಡೆಸಿದರು, ಎರಡರಲ್ಲೂ ಧೂಳು ಬಂತು. ಮಗ ಆಮೇಲೆ ಬೋರಿನ ಮಾತು ತೆಗೆದಿಲ್ಲ. ಈಗ ಡ್ರಮ್ಮು, ಗಡಿಯಾರ ಅವನ ಕೈಯಲ್ಲೇ ಇವೆ.

ಸಾಲಿಗೆ ಹಾಕಿದ ಗೊಬ್ಬರ ನಮ್ಮ ಬಿಸಿಲಿಗೆ ಎರಡು ವರ್ಷದಲ್ಲಿ ಕರಗಿ ಹೋಗುತ್ತದೆ, ಪ್ರತಿ ವರ್ಷ ಹಾಕಲೇಬೇಕು. ಉಳಿಯುವುದು ಜಿಗುಟು ಮಣ್ಣು ಮಾತ್ರ. ಅದಕ್ಕೇ ಹಿಂದಿನವರು ಮಸಾರಿಗೆ ಕೆರೆ ಹೂಳು ಹೇರುತ್ತಿದ್ದರು. ಈ ವರ್ಷ ಅರ್ಧ ಎಕರೆಗೆ ಹತ್ತು ಟ್ರ್ಯಾಲಿ ಹೂಳು ಹೇರಬೇಕೆಂದಿದ್ದೇನೆ. ಕೆರೆ ಮಣ್ಣಿನಲ್ಲಿ ಕರಲು ಇದ್ದರೆ ಇದ್ದ ಹೊಲವೂ ಕೆಟ್ಟೀತು. ಆದ್ದರಿಂದ ಮೊದಲು ಮೂರು ಕಡೆಯ ಮಣ್ಣು ತಂದು ಮೂರು ಡಬ್ಬಿಯಲ್ಲಿ ಗೋಧಿ ಹಾಕಿ ಕಟ್ಟೆಯ ಮೇಲೆ ಇಟ್ಟಿದ್ದೇನೆ. ಎರಡರಲ್ಲಿ ನಾಲ್ಕನೇ ದಿನಕ್ಕೆ ಮೊಳಕೆ ಬಂದಿವೆ. ಮೂರನೆಯದರಲ್ಲಿ ಇನ್ನೂ ಇಲ್ಲ.